ವೀರಬಸಮ್ಮನ ಅಡಿಗೆಯವನು

ಜೂನ್ 9, ಸೋಮವಾರ. ಮಕ್ತಲ್

ತೆಲಂಗಾಣದ ಕೃಷ್ಣಾ ಮಂಡಲದ ಕನ್ನಡ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಪಾಠದ ಡೈರಿ ಬರೆದೆ. ಹೆಡ್‌ಮಾಸ್ತರಾಗಿ ನಿವೃತ್ತನಾದ ಮೇಲೆ ಪೆನ್ನು ಮುಟ್ಟಿರಲಿಲ್ಲ. ಇವತ್ತು ಮುಟ್ಟಿದ್ದೇನೆ. ಇದನ್ನು ಯಾರಿಗೂ ಹೇಳುವಂತಿಲ್ಲ, ಹೇಳದೆ ಇಟ್ಟುಕೊಳ್ಳಲೂ ಆಗುತ್ತಿಲ್ಲ.

ಹೆಂಡತಿ ವೀರಬಸಮ್ಮನನ್ನು ಮಹಬೂಬನಗರದಲ್ಲಿ ನರರೋಗದ ಡಾಕ್ಟರಿಗೆ ತೋರಿಸಿ ಬಂದೆ. ಇವಳದು ವಯಸ್ಸಿನ ಮರೆವಲ್ಲ, ಮೆದುಳಿನ ಕಾಯಿಲೆಯಂತೆ. ಇವಳಿಗೆ ಅರವತ್ತೊಂಬತ್ತು. ಎರಡು ವರ್ಷದಲ್ಲಿ ತೂಕ ಒಂಬತ್ತು ಕಿಲೋ ಇಳಿದಿದೆ.

"ಇನ್ನ ಎಷ್ಟು ವರ್ಷರಿ?" ಎಂದು ಕೇಳಿದೆ.

ಡಾಕ್ಟರಮ್ಮ ರಾಯಚೂರು ಕಡೆಯವರು. ಚೀಟಿಯ ಹಿಂಬದಿಗೆ ಒಂದು ಗೆರೆ ಎಳೆದರು. "ಇದು ಇವರ ಆಯುಷ್ಯ ಅಂತ ತಿಳೀರಿ." ಗೆರೆಯ ಒಂದು ಭಾಗವನ್ನು ಪೆನ್ನಿನಿಂದ ದಪ್ಪ ಮಾಡಿದರು. "ಇಷ್ಟು ದಿನ ತಾವಾಗೇ ಎದ್ದು ಓಡ್ಯಾಡಿ, ತಮ್ಮ ಕೈಲೆ ಉಂಡು, ನಕ್ಕೋತ ಇರ್ತಾರ. ಆಮ್ಯಾಲಿನದು ಹಾಸಗಿ ಮ್ಯಾಲ. ಈ ರೋಗ ಗೆರೀನೂ ಗಿಡ್ಡ ಮಾಡ್ತೈತಿ. ಆದ್ರ ಅದಕ್ಕಿಂತ ಮೊದಲ ಈ ಛಲೋ ಭಾಗಾನ ತಿನ್ನಾಕ ಹತ್ತತೈತಿ. ಗೆರಿ ಉದ್ದ ಮಾಡೂದು ನನ್ನ ಕೈಯಾಗಿಲ್ಲ ಸಾರ್. ದಪ್ಪ ಗೆರಿ ಉದ್ದ ಆಗೂದು ನಿಮ್ಮ ಕೈಯಾಗ ಸ್ವಲ್ಪ ಐತಿ. ಉಣಸ್ರಿ, ನಡಸ್ರಿ, ಮಂದ್ಯಾಗ ಇಡ್ರಿ, ಬೈಯಬ್ಯಾಡ್ರಿ."

ನಾನು ಕೇಳಿದ್ದು ಎಷ್ಟು ವರ್ಷ ಎಂದು. ಅವರು ಕೊಟ್ಟಿದ್ದು ಒಂದು ಗೆರೆ.

ನನ್ನ ಸಕ್ಕರೆ ಕಾಯಿಲೆಯ ಬಗ್ಗೆಯೂ ವಿಚಾರಿಸಿದರು. ಅದು ಅವರಿಗೆ ಯಾಕೆ ಬೇಕೋ.

ಜೂನ್ 12, ಗುರುವಾರ

ದಿನಾ ಬೆಳಿಗ್ಗೆ ಹತ್ತು ಪ್ರಶ್ನೆ ಕೇಳುತ್ತಿದ್ದೇನೆ. ಇವತ್ತು ಯಾವ ವಾರ, ಇದು ಯಾವ ತಿಂಗಳು, ಮಗಳ ಹೆಸರೇನು. ನಿನ್ನೆ ನಾಲ್ಕು ಸರಿಯಾಗಿದ್ದವು, ಇವತ್ತು ಮೂರು. ಹನ್ನೆರಡು ತಿಂಗಳ ಹೆಸರು ಪಾಟಿಯ ಮೇಲೆ ಬರೆದು ತೂಗುಹಾಕಿದ್ದೆ. ಮಧ್ಯಾಹ್ನ ನೋಡಿದರೆ ಸೆರಗಿನಿಂದ ಒರೆಸಿ "ಹಾಲು ಕಾಸು" ಎಂದು ಬರೆದಿದ್ದಾಳೆ. ಹಾಲು ಆಗಲೇ ಎರಡು ಸಲ ಉಕ್ಕಿತ್ತು.

ಪಕ್ಕದ ಮನೆಯ ಹುಸೇನಮ್ಮ ವಿಚಾರಿಸಿದಾಗ ಮಂಡಿನೋವು ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಓಣಿಯ ಬಾಯಿಗೆ ಬೀಳುವುದು ಬೇಡ.

ಜೂನ್ 21, ಶನಿವಾರ

ಇವಳು ಒಲೆ ಹಚ್ಚಿ ಮರೆಯುತ್ತಾಳೆಂದು ಗ್ಯಾಸ್ ಬಂದ್ ಮಾಡಿದ್ದೇನೆ. ಬಸ್‌ಸ್ಟ್ಯಾಂಡಿನ ಖಾನಾವಳಿಯಿಂದ ಊಟ ತರಿಸುತ್ತಿದ್ದೇನೆ. ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸುತ್ತಾಳೆ. "ಇದು ಯಾರ ಮನೀದು?" ಎನ್ನುತ್ತಾಳೆ. ಎರಡು ದಿನದಲ್ಲಿ ಒಂದು ಬಾಳೆಹಣ್ಣು ತಿಂದಿದ್ದಾಳೆ. ಸಿಟ್ಟು ಬಂದು ಗದರಿದೆ. ಅಳಲಿಲ್ಲ, ಯಾರನ್ನು ಗದರಿದರು ಎಂಬಂತೆ ಹಿಂದೆ ತಿರುಗಿ ನೋಡಿದಳು.

ಜೂನ್ 22, ಭಾನುವಾರ

ಉಪ್ಪಿಟ್ಟು ಮಾಡಿದೆ. ನಾನೇ ತಿನ್ನಲಿಲ್ಲ.

ಜೂನ್ 24, ಮಂಗಳವಾರ

ಇವತ್ತು ಹೊಗೆ ಕಂಡು ಹುಸೇನಮ್ಮ ಬಾಗಿಲು ಬಡಿದಳು. ತೆರೆಯುವಷ್ಟರಲ್ಲಿ ಒಳಗೇ ಬಂದಿದ್ದಳು. ಕರಕಾದ ಬೋಗುಣಿ, ನನ್ನ ಮುಖ, ಮೂಲೆಯಲ್ಲಿ ಕೂತ ವೀರಬಸಮ್ಮ, ಎಲ್ಲವನ್ನೂ ಒಮ್ಮೆ ನೋಡಿದಳು.

"ಸಾರ್, ಅಕ್ಕಗ ಮಂಡಿ ನೋವಲ್ಲ. ನಂಗ ಹೋದ ವರ್ಷದಿಂದ ಗೊತ್ತೈತಿ."

"ಹೆಂಗ?"

"ತಮ್ಮ ಮನಿ ಅಂತ ತಿಳಕೊಂಡು ನಮ್ಮನ್ಯಾಗ ಬಂದು ಕುಂದುರತಾರ. ಚಾ ಮಾಡಿ ಕೊಡ್ತೀನಿ. ನೀವು ಪೇಪರ್ ಓದೂದ್ರಾಗ ಇರ್ತೀರಿ."

ಇಡೀ ಓಣಿಗೆ ಗೊತ್ತಿತ್ತಂತೆ. ನಾನೊಬ್ಬನೇ ಬಾಗಿಲು ಹಾಕಿಕೊಂಡು ಕೂತಿದ್ದವನು.

ಅಡಿಗೆ ಕಲಿಸಲು ಒಪ್ಪಿದ್ದಾಳೆ. ನಾನು ಬಡಿದ ಮೊದಲ ರೊಟ್ಟಿ ನೋಡಿ, "ಇದು ಯಾವ ಜಿಲ್ಲಾದ ನಕ್ಷಾ ಸಾರ್? ಗದ್ವಾಲದೋ, ನಾರಾಯಣಪೇಟೆದೋ?" ಎಂದಳು. ವೀರಬಸಮ್ಮ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ.

ಜುಲೈ 3, ಗುರುವಾರ

ಇವತ್ತು ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಪುಂಡಿಸೊಪ್ಪು ತಂದು, ತೊಗರಿಬೇಳೆ ಮತ್ತು ಜೋಳದ ನುಚ್ಚಿನೊಂದಿಗೆ ಬೇಯಿಸಿ, ಹುಸೇನಮ್ಮ ಹೇಳಿದಂತೆ ಕಡೆಯುತ್ತಿದ್ದೆ. ಹೆಗಲ ಮೇಲೆ ಟವೆಲ್ಲು, ಕೈತುಂಬ ಹಿಟ್ಟು. ಅಡಿಗೆಮನೆಯ ಬಾಗಿಲಲ್ಲಿ ವೀರಬಸಮ್ಮ ನಿಂತಿದ್ದಳು.

"ಅಣ್ಣಾ, ಬಳ್ಳೊಳ್ಳಿ ಜಜ್ಜಿ ಹಾಕು. ಇಡೀದು ಹಾಕಬ್ಯಾಡ."

"ಯಾರಿಗೆ ಅಣ್ಣ ಅಂತಿ?"

"ನೀ ಹೊಸದಾಗಿ ಬಂದಿಯಲ್ಲ, ಅದಕ್ಕ ಹೇಳಿದೆ. ಮೊದಲ ಖಾನಾವಳ್ಯಾಗ ಇದ್ದೇನು?"

"ನಾನು ನಿನ್ನ ಗಂಡ, ವೀರಬಸಮ್ಮ."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು. "ನಮ್ಮ ಮನ್ಯಾರು ಅಡಿಗಿಮನಿ ಹೊಸ್ತಲಾ ದಾಟಿದವರಲ್ಲ. ಸುಳ್ಳ ಹೇಳೂದಿದ್ರ ಇನ್ನೊಂದು ಹೇಳು."

ನಲವತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿ ನನ್ನನ್ನು ಅಣ್ಣ ಎನ್ನುತ್ತಾಳೆ. ಪಾಟಿ ತಂದು ನನ್ನ ಹೆಸರು ಬರೆದು ತೋರಿಸಬೇಕೆನಿಸಿತು. ಅಷ್ಟರಲ್ಲಿ ಅವಳು ಕೂತು, ಆ ಸೊಟ್ಟ ರೊಟ್ಟಿಯನ್ನು ಮುರಿದು ಪಲ್ಲೆ ಹಚ್ಚಿ ತಿನ್ನತೊಡಗಿದಳು. ಒಂದೂವರೆ ರೊಟ್ಟಿ ತಿಂದಳು.

ಒಂದೂವರೆ.

ಜುಲೈ 4, ಶುಕ್ರವಾರ

ಎರಡು ರೊಟ್ಟಿ. ಮತ್ತೆ ಅಣ್ಣ ಎಂದಳು. ತಿದ್ದಲಿಲ್ಲ.

ಜುಲೈ 14, ಸೋಮವಾರ

ಅಡಿಗೆಯವನಾದ ಮೇಲೆ ನಾನು ಅವಳಿಗೆ "ರಿ" ಹಚ್ಚಿ ಮಾತಾಡಬೇಕಾಗಿದೆ. ಅಕ್ಕಾರ ಎನ್ನುತ್ತೇನೆ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು, ಈಗ ರೂಢಿಯಾಗಿದೆ. ಬದನೆಕಾಯಿ ಹೆಚ್ಚುತ್ತಾ ಸುಮ್ಮನೆ ಕೇಳಿದೆ, "ನಿಮ್ಮ ಮನ್ಯಾರು ಹೆಂಗ್ರಿ ಅಕ್ಕಾರ?"

"ಛಲೋರು. ಹೊಡದಿಲ್ಲ, ಬಡದಿಲ್ಲ. ಶಾಲಿ ಹುಡುಗ್ರು ಅಂದ್ರ ಜೀವ. ಆದ್ರ ಮಾತು ಕಡಿಮಿ. ಹಾಜರಿ ಕರದಂಗ ನನ್ನ ಕರೀತಾರ. ನಾ 'ಬಂದೆ' ಅಂತೀನಿ, ಅಷ್ಟ."

"ಊಟದ್ದು?"

"ಛಲೋ ಆಗೈತಿ ಅಂತ ಒಂದಿನಾನೂ ಅಂದಿಲ್ಲ. ಉಪ್ಪು ಕಡಿಮಿ ಆದ್ರ ಮಾತ್ರ ಅಂತಿದ್ರು."

ಆ ಮನುಷ್ಯನ ಪರ ವಹಿಸಬೇಕೆನಿಸಿತು. "ಮನಸಿನಾಗ ಅಂದಿರ್ತಾರ ತಗೋರಿ."

"ಮನಸಿನಾಗ ಅಂದ್ರ ನನಗ ಕೇಳಸ್ತೈತೇನು ಅಣ್ಣಾ?"

ಬದನೆಯ ತೊಟ್ಟು ಚೆಲ್ಲಲು ಹಿತ್ತಲಿಗೆ ಹೋದೆ. ನಾಲ್ಕು ತೊಟ್ಟು ಚೆಲ್ಲಲು ಎಷ್ಟು ಹೊತ್ತು ಬೇಕು? ಎಣ್ಣೆ ಸೀದ ವಾಸನೆ ಬರುವವರೆಗೆ ಅಲ್ಲೇ ಇದ್ದೆ.

ಜುಲೈ 15, ಮಂಗಳವಾರ

ಶೇಂಗಾ ಚಟ್ನಿ ಕುಟ್ಟುವುದನ್ನು ಹೇಳಿಕೊಟ್ಟಳು. ಇವತ್ತು ಯಾವ ವಾರ ಎಂದು ಅವಳಿಗೆ ತಿಳಿಯದು, ಆದರೆ ಶೇಂಗಾ ಎಷ್ಟು ಕೆಂಪಗಾದಾಗ ಇಳಿಸಬೇಕೆಂದು ವಾಸನೆಯಿಂದಲೇ ಹೇಳುತ್ತಾಳೆ. ಊಟಕ್ಕೆ ಕೂತಾಗ "ಚಟ್ನಿ ಭಾಳ ಛಲೋ ಆಗೈತ್ರಿ ಅಕ್ಕಾರ" ಎಂದು ಗಟ್ಟಿಯಾಗಿ ಹೇಳಿದೆ.

"ಯಾರು ಮಾಡಿದ್ದು?"

"ನೀವು ಹೇಳಿಕೊಟ್ಟಿದ್ದು."

ಸಂಜೆಯವರೆಗೆ ಅವಳ ಮುಖ ಅರಳಿಯೇ ಇತ್ತು. ಯಾಕೆಂದು ಅವಳಿಗೆ ಮರೆತಿತ್ತು.

ಜುಲೈ 20, ಭಾನುವಾರ

ಸಂಜೆ ಹೊತ್ತು ಪಡಮಟಿ ಆಂಜನೇಯನ ಗುಡಿಯವರೆಗೆ ನಡೆಯುತ್ತೇವೆ. ಮೊದಲ ದಿನ ಎಂದಿನಂತೆ ನಾನು ಮುಂದೆ ಹೊರಟಿದ್ದೆ. "ಏ ಅಣ್ಣಾ, ಎಲ್ಲಿ ಹೊಂಟಿ ಮುಂದ ಮುಂದ?" ಎಂದು ತಡೆದಳು. ಆವತ್ತಿನಿಂದ ಅವಳು ಮುಂದೆ, ನಾನು ಕಾಯಿಪಲ್ಲೆಯ ಚೀಲ ಹಿಡಿದು ಎರಡು ಹೆಜ್ಜೆ ಹಿಂದೆ. ಹಿಂದಿನಿಂದ ನೋಡಿದಾಗ ಗೊತ್ತಾಯಿತು, ಅವಳ ನಡಿಗೆಯಲ್ಲಿ ಈಗಲೂ ಒಂದು ಠೀವಿ ಇದೆ. ಎದುರು ಬಂದವರನ್ನೆಲ್ಲ ಮಾತಾಡಿಸುತ್ತಾಳೆ. ಗುರುತಿದ್ದವರು, ಇಲ್ಲದವರು ಎಂಬ ಭೇದವಿಲ್ಲ. ಯಾರನ್ನು ಕಂಡರೂ "ಊಟ ಆತೇನು?" ಎನ್ನುತ್ತಾಳೆ.

ಟೈರಿನ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಶ್ರೀನಿವಾಸುಲು ನೋಡಿ ಗಾಬರಿಯಾದ. "ಸಾರ್, ನೀವ್ಯಾಕ ಚೀಲ ಹಿಡಕೊಂಡು ಹಿಂದ ಬರಾಕ ಹತ್ತೀರಿ?"

"ಡ್ಯೂಟಿ ಮ್ಯಾಲ ಇದ್ದೀನೋ" ಎಂದೆ.

ಅವನು ನಕ್ಕ. ನಾನೂ ನಕ್ಕೆ.

ಜುಲೈ 26, ಶನಿವಾರ

ಪಂಚಮಿಗೆಂದು ನಾರಾಯಣಪೇಟೆಗೆ ಹೋಗಿ ಸೀರೆ ತಂದೆ. ಹೆಣ್ಣುಮಕ್ಕಳ ಸೀರೆಯನ್ನು ನಾನೇ ಕೂತು ಆರಿಸಿದ್ದು ಇದೇ ಮೊದಲು. ಅಂಗಡಿಯವನು "ಅಮ್ಮಾವ್ರ ಬಣ್ಣ ಹೆಂಗ್ರಿ?" ಎಂದ. ಹೇಳಲು ಐದು ನಿಮಿಷ ಹಿಡಿಯಿತು. ಕೊನೆಗೆ ಕೆಂಪು ಅಂಚಿನ ಹಸಿರು ನೂಲಿನ ಸೀರೆ ತಂದೆ.

"ನಿಮ್ಮ ಮನ್ಯಾರು ಕಳಸ್ಯಾರ್ರಿ" ಎಂದು ಕೊಟ್ಟೆ.

"ಅವರೇ ಆರಿಸಿದ್ರೇನು?"

"ಎರಡು ತಾಸು ಕುಂತು ಆರಿಸಿದ್ರು."

ಸೀರೆಯನ್ನು ಎದೆಗೆ ಒತ್ತಿಕೊಂಡು ಹುಸೇನಮ್ಮನಿಗೆ ತೋರಿಸಲು ಓಡಿದಳು. ಓಡಿದಳು ಎಂದೇ ಬರೆಯಬೇಕು.

ಜುಲೈ 29, ಮಂಗಳವಾರ. ನಾಗರ ಪಂಚಮಿ

ಮಗಳು ಶಿವಗಂಗಾ ಗದ್ವಾಲದಿಂದ ಹಬ್ಬಕ್ಕೆ ಬಂದಳು. ಅಲ್ಲಿ ಶಾಲೆಯಲ್ಲಿ ಟೀಚರ್. ತಾಯಿಗೆ ಮರೆವು ಎಂದಷ್ಟೇ ಅವಳಿಗೆ ಹೇಳಿದ್ದೆ. ಬಾಗಿಲಲ್ಲೇ ತಾಯಿ ಅವಳಿಗೆ ನನ್ನ ಪರಿಚಯ ಮಾಡಿಸಿದಳು. "ಇವರು ನಮ್ಮ ಅಡಿಗಿ ಅಣ್ಣ. ಕೈಯಾಗ ರುಚಿ ಐತಿ, ಆದ್ರ ಭಾಳ ನಿಧಾನ."

ಶಿವಗಂಗಾ ನನ್ನ ಮುಖ ನೋಡಿದಳು. ನಾನು ಕಣ್ಣು ಮಿಟುಕಿಸಿದೆ. ಅವಳು ಬಚ್ಚಲುಮನೆಗೆ ಹೋಗಿ ತುಸು ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಹುಸೇನಮ್ಮನ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೊಸ ಸೀರೆಯುಟ್ಟ ವೀರಬಸಮ್ಮ ಹಿಡಿದವರ ಕೈ ಬಿಡಿಸಿಕೊಂಡು ಹತ್ತಿ ಕೂತಳು. ನಾನು ಮೆಲ್ಲಗೆ ತೂಗಿದೆ. "ಜೋರು! ಜೋರು!" ಎಂದಳು. ಓಣಿಯ ಹೆಂಗಸರೆಲ್ಲ ಸೇರಿ ಚಪ್ಪಾಳೆ ತಟ್ಟಿದರು. ಶಿವಗಂಗಾ ಅಳುತ್ತ ನಗುತ್ತ ಫೋನಿನಲ್ಲಿ ಫೋಟೋ ತೆಗೆದಳು.

ಆಮೇಲೆ ನಾನು ಕೆಡಿಸಿದೆ. ನಸುಕಿನಿಂದ ಉಂಡಿ ಕಟ್ಟುತ್ತಿದ್ದೆ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಏನೂ ತಿಂದಿರಲಿಲ್ಲ. ಕಣ್ಣು ಕತ್ತಲೆ ಬಂದು ಜೋಕಾಲಿಯ ಪಕ್ಕದಲ್ಲೇ ಕುಸಿದೆ. ಬೆಲ್ಲದ ನೀರು ಕುಡಿಸಿ ಎಬ್ಬಿಸಿದರು.

"ಅಪ್ಪಾ, ಸಾಕಿನ್ನ" ಎಂದಳು ಶಿವಗಂಗಾ. "ಅವ್ವನ್ನ ನಾ ಕರಕೊಂಡು ಹೋಗ್ತೀನಿ. ನೀ ಒಂದ್ ತಿಂಗಳ ಇಲ್ಲೇ ಇದ್ದು ಸುಧಾರಿಸ್ಕೋ. ಅಲ್ಲಿ ಬಂದ್ರ ಅಲ್ಲೂ ಒಲಿ ಮುಂದ ನಿಂದುರತಿ. ಇಬ್ಬರೂ ಹಾಸಗಿ ಹಿಡದ್ರ ನಾ ಯಾರನ್ನ ನೋಡ್ಲಿ?"



ಜುಲೈ 31, ಗುರುವಾರ

ಹೋದರು. ಅಳಿಯ ಶಿವಕಾಂತ ಕಾರು ತಂದಿದ್ದ. ಕಿಟಕಿಯಿಂದ ಅವಳು "ಬಾಗಲ ಹಾಕ್ಕೋ ಅಣ್ಣಾ" ಎಂದಳು.

ಆಗಸ್ಟ್ 3, ಭಾನುವಾರ

ಒಬ್ಬನಿಗೆಂದು ರೊಟ್ಟಿ ಬಡಿದೆ. ಇವತ್ತು ದುಂಡಗೆ ಬಂತು. ತೋರಿಸಲು ಯಾರೂ ಇಲ್ಲ.

ಆಗಸ್ಟ್ 8, ಶುಕ್ರವಾರ

ಶಿವಗಂಗಾ ಫೋನು ಮಾಡಿದಳು. ಅವ್ವ ಉಣ್ಣುತ್ತಿಲ್ಲ. ಅಡಿಗೆಗೆ ಒಬ್ಬಾಕೆಯನ್ನು ಇಟ್ಟಿದ್ದಾರೆ. ಒಳ್ಳೆಯ ಹೆಂಗಸು, ರುಚಿಯಾಗಿ ಮಾಡುತ್ತಾಳೆ. ಆದರೂ ಅವ್ವ ಅಡಿಗೆಮನೆ ಬಾಗಿಲಲ್ಲಿ ಕೂತು ಒಳಗೆ ಇಣುಕಿ ಎದ್ದು ಹೋಗುತ್ತಾಳಂತೆ. ನಡೆಯಲೊಲ್ಲಳು. ಎರಡು ದಿನದಿಂದ ಮಾತೂ ಇಲ್ಲ.

"ಅಪ್ಪಾ, ಪುಂಡಿಪಲ್ಲ್ಯಾಗ ನೀ ಏನು ಹಾಕ್ತಿದ್ದಿ? ಹೇಳು, ನಾನ ಮಾಡ್ತೀನಿ."

"ನಾಳೆ ಬಂದು ತೋರಸ್ತೀನಿ."

"ನಿನ್ನ ಸಕ್ಕರಿ?"

"ಮುಂಜಾನೆ ಹುಸೇನಮ್ಮ ಎದುರಿಗೆ ನಿಂತು ನಾಷ್ಟಾ ತಿನಸ್ತಾಳ. ಎಂಟು ದಿನ ಆತು, ತಪ್ಪಿಲ್ಲ."

ಆಗಸ್ಟ್ 9, ಶನಿವಾರ. ಗದ್ವಾಲ

ನಸುಕಿನಲ್ಲೇ ಎದ್ದು ಪಲ್ಲೆ ಮಾಡಿ, ಹತ್ತು ರೊಟ್ಟಿ ಬಡಿದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಜೂರಾಲ ಅಣೆಕಟ್ಟೆಯ ಗೇಟು ಬಿಟ್ಟಿದ್ದರು, ಕಿಟಕಿಗೆಲ್ಲ ತುಂತುರು. ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಡೆ ಬಾಗಿ ನೋಡಿದರು. ನಾನು ಡಬ್ಬಿ ಹಿಡಿದು ಕೂತಿದ್ದೆ.

ವೀರಬಸಮ್ಮ ಮಂಚದ ಅಂಚಿನಲ್ಲಿದ್ದಳು. ಹತ್ತೇ ದಿನದಲ್ಲಿ ಕೆನ್ನೆ ಇಳಿದಿತ್ತು. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಗುರುತು ಸಿಗಲಿಲ್ಲ ಎಂದುಕೊಂಡೆ.

"ಎಲ್ಲಿ ಹೋಗಿದ್ದಿ ನೀ? ರಜಾ ಬೇಕಂದ್ರ ಕೇಳಿ ಹೋಗಬೇಕೋ ಬ್ಯಾಡೋ?"

"ತಪ್ಪಾತ್ರಿ ಅಕ್ಕಾರ."

"ಬ್ಯಾರೆ ಮನ್ಯಾಗ ಜಾಸ್ತಿ ಕೊಡ್ತೀವಂದ್ರೇನು?"

"ಇಲ್ರಿ. ನಿಮ್ಮಂಥ ಮನಿ ನನಗೆಲ್ಲಿ ಸಿಗತೈತಿ?"

ಮೂರು ರೊಟ್ಟಿ ತಿಂದಳು. ಶಿವಗಂಗಾ, ಶಿವಕಾಂತ, ಆ ಅಡಿಗೆಯಾಕೆ ಮೂವರೂ ಗೋಡೆಗೆ ಒರಗಿ ನೋಡುತ್ತಿದ್ದರು. ಅಡಿಗೆಯಾಕೆ ತೆಲುಗಿನಲ್ಲಿ, "ಅಯ್ಯೋ, ಈಯನ ಚೇತಿ ವಂಟೇನಾ!" ಎಂದಳು. ಇವರ ಕೈಯಡಿಗೆಯೇನಾ ಎಂದು. ಇಷ್ಟು ವರ್ಷದಲ್ಲಿ ನನಗೆ ಶಾಲು ಹೊದಿಸಿದವರಿದ್ದಾರೆ, ಹಾರ ಹಾಕಿದವರಿದ್ದಾರೆ. ಯಾವುದೂ ಇಷ್ಟು ಹಿತವೆನಿಸಿರಲಿಲ್ಲ.

ಸಂಜೆ ಮಗಳು ಪಕ್ಕದಲ್ಲಿ ಬಂದು ಕೂತಳು. "ನಿನ್ನ ಜೀವಕ್ಕ ಏನರ ಆದ್ರ?"

"ನಿಮ್ಮವ್ವಗ ಇನ್ನ ಓಡ್ಯಾಡೂ ದಿನ ಅದಾವು. ಅವು ಎಷ್ಟಿದ್ರೂ ನನಗ ಬೇಕು. ನನಗೂ ಅವನ್ನ ಬಿಟ್ರ ಬ್ಯಾರೆ ದಿನ ಇಲ್ಲ."

ಶಿವಗಂಗಾ ಷರತ್ತು ಹಾಕಿದಳು: ಹುಸೇನಮ್ಮ ದಿನವೂ ಎರಡು ಹೊತ್ತು ಜೊತೆಗಿರಬೇಕು, ಸೋಮವಾರಕ್ಕೊಮ್ಮೆ ನನ್ನ ರಕ್ತ ಪರೀಕ್ಷೆಯಾಗಬೇಕು, ತಿಂಗಳಿಗೆ ಒಂದು ವಾರ ಇಬ್ಬರೂ ಗದ್ವಾಲದಲ್ಲಿ ಇರಬೇಕು. ಎಲ್ಲದಕ್ಕೂ ಹೂಂ ಎಂದೆ.

ಆಗಸ್ಟ್ 13, ಬುಧವಾರ

ಮಕ್ತಲಿಗೆ ಬಂದೆವು. ಕಂಡಕ್ಟರಮ್ಮ ವೀರಬಸಮ್ಮನ ಆಧಾರ್ ಕಾರ್ಡು ನೋಡಿ ಹೆಂಗಸರಿಗಿರುವ ಪುಕ್ಕಟೆ ಟಿಕೇಟು ಹರಿದು ಕೊಟ್ಟಳು. ನನಗೆ ಮಾತ್ರ ಹಣ ಕೇಳಿದಾಗ ವೀರಬಸಮ್ಮ ರೇಗಿದಳು. "ಕುಂತು ಉಣ್ಣೋಳಿಗೆ ಪುಕ್ಕಟ್ಟೆ, ದುಡಿಯೋನ ಹಂತೇಲಿ ಇಸ್ಕೋತೀರಿ? ಇದ್ಯಾವ ನ್ಯಾಯ?" ಬಸ್ಸಿನಲ್ಲಿದ್ದ ಗಂಡಸರೆಲ್ಲ ಶಹಬ್ಬಾಸ್ ಎಂದರು.

ಜೂರಾಲದಲ್ಲಿ ಇಳಿದು ಮುಂದಿನ ಬಸ್ಸಿನವರೆಗೆ ನಿಂತೆವು. ನೀರಿನ ಸಪ್ಪಳದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಹನಿ ಮುಖಕ್ಕೆ ಹೊಡೆದಾಗ ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು, ಸಣ್ಣ ಹುಡುಗಿಯಂತೆ. ಆಮೇಲೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕಿವಿಯ ಹತ್ತಿರ ಬಂದು ಕೂಗಿದಳು, "ಹಿಡಕೋ ಅಣ್ಣಾ, ಬೀಳ್ತಿ ನೀ!"

ನಾಲ್ಕು ಜನರ ನಡುವೆ ಅವಳು ನನ್ನ ಕೈ ಹಿಡಿದದ್ದು ಇದೇ ಮೊದಲು. ಬಸ್ಸು ಬಂದರೂ ಬಿಡಲಿಲ್ಲ. ಟಿಕೇಟಿನ ಹಣವನ್ನು ಎಡಗೈಯಿಂದ ತೆಗೆಯಬೇಕಾಯಿತು.

ಸೆಪ್ಟೆಂಬರ್ 8, ಸೋಮವಾರ

ಮಹಬೂಬನಗರ. ಅವಳ ತೂಕ ಎರಡೂವರೆ ಕಿಲೋ ಏರಿದೆ, ನನ್ನ ಸಕ್ಕರೆ ಇಳಿದಿದೆ. ನೆನಪಿನ ಪರೀಕ್ಷೆಯಲ್ಲಿ ಮಾತ್ರ ಜೂನಿಗಿಂತ ಹಿಂದೆ ಬಿದ್ದಿದ್ದಾಳೆ. ಗಡಿಯಾರಕ್ಕೆ ಏನೆನ್ನುತ್ತಾರೆಂದು ಹೊಳೆಯಲಿಲ್ಲ. ಶಿವಗಂಗಾಳ ಫೋಟೋ ತೋರಿಸಿದರೆ, "ಭಾಳ ಛಲೋ ಹುಡುಗಿ, ಯಾರ ಮಗಳೋ" ಎಂದಳು. ಡಾಕ್ಟರಮ್ಮನಿಗೆ "ಊಟ ಆತೇನು?" ಎಂದು ಎರಡು ಸಲ ಕೇಳಿದಳು. ಅವರಿಗೆ ನಿಜವಾಗಿಯೂ ಊಟ ಆಗಿರಲಿಲ್ಲ. ಡಬ್ಬಿಯಿಂದ ಒಂದು ರೊಟ್ಟಿ ಕೊಟ್ಟೆವು.

ಬರುವಾಗ ದಾರಿಯಲ್ಲಿ ಹಸಿ ಶೇಂಗಾ ಸಿಕ್ಕಿತು.

ಸೆಪ್ಟೆಂಬರ್ 14, ಭಾನುವಾರ

ಹೊರಗೆ ಜಿಟಿಜಿಟಿ ಮಳೆ. ಹುಸೇನಮ್ಮ ನೆಂಟರ ಮನೆಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ತಟ್ಟೆಯಿಟ್ಟು, ಹಂಚಿನಿಂದ ಇಳಿದ ರೊಟ್ಟಿ ಬಡಿಸಿ, ಇನ್ನೊಂದು ಬಡಿಯಲು ಒಲೆಯ ಕಡೆ ತಿರುಗಿದೆ. ಅವಳು ತುತ್ತು ಮುರಿದವಳು ಹಾಗೇ ಕೂತಿದ್ದಳು.

"ಯಾಕ್ರಿ ಅಕ್ಕಾರ, ಖಾರ ಆಗೇತೇನು?"

"ನಿಂದು ಊಟ?"

"ನಿಮ್ಮದಾಗ್ಲಿ, ಆಮ್ಯಾಲ ಉಣ್ತೀನಿ."

"ಬ್ಯಾಡ" ಎಂದಳು. ಈಚೆಗೆ ಅವಳ ಮಾತು ಅರ್ಧಕ್ಕೇ ನಿಲ್ಲುತ್ತದೆ. ಇವತ್ತು ನಿಲ್ಲಲಿಲ್ಲ. "ನಾ ಎಷ್ಟೋ ವರ್ಷ ಆಮ್ಯಾಲ ಉಂಡೀನಿ. ಅವರು ಉಂಡು ಎದ್ದು ಕೈ ತೊಳಕೊಂಡು ಹೋಗ್ತಿದ್ರು. ನಾ ಒಬ್ಬಾಕಿ ಕುಂದುರತಿದ್ದೆ. ರೊಟ್ಟಿ ಆರಿರತಿತ್ತು. ಎದರಿಗೆ ಯಾರೂ ಇರ್ತಿದ್ದಿಲ್ಲ." ತಟ್ಟೆಯನ್ನು ತುಸು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ನಿನಗ ಹಂಗ ಆಗೂದು ಬ್ಯಾಡ. ಒಲಿ ಸಣ್ಣ ಮಾಡಿ ಬಾ, ಇಲ್ಲೆ ಕೂಡು."

ಒಲೆ ಸಣ್ಣ ಮಾಡಿದೆ. ತಟ್ಟೆ ತಂದು ಎದುರಿಗೆ ಕೂತೆ. ಅವಳು ತನ್ನ ಕೈಯಾರೆ ರೊಟ್ಟಿ ಹಾಕಿ, ಪಲ್ಲೆ ಹಾಕಿ, ಮೇಲೆ ಎಣ್ಣೆ ಬಿಟ್ಟು, "ನಾಚಬ್ಯಾಡ, ಉಣ್ಣು" ಎಂದಳು.

ಉಂಡೆವು. ಇಬ್ಬರ ರೊಟ್ಟಿಯೂ ಬಿಸಿಯಾಗಿತ್ತು.